ಸವಣೂರಿನ ಮಜೀದ್ ಹೈಸ್ಕೂಲು



ಬ್ಯಾಡಗಿಯೆಂದರೆ ಮೆಣಸಿನಕಾಯಿ, ಹಾವೇರಿಯೆಂದರೆ ಏಲಕ್ಕಿಯ ಮಾಲೆ, ಸವಣೂರೆಂದರೆ ವೀಳ್ಯದೆಲೆ. ಮೈಸೂರು ಸೀಮೆಯವರಾದ ನಮಗೆ ಆ ಪ್ರಾಂತದ ಪರಿಚಯ ಬಹುಮಟ್ಟಿಗೆ ಇಷ್ಟೆ. ಆದರೆ ಸವಣೂರಿಗೆ ಮತ್ತೊಂದು ಹಿರಿಮೆಯುಂಟು. ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿದ ಬಾಲಕನೊಬ್ಬನು, ಕರ್ನಾಟಕದ ಸಮಸ್ತ ಹೈಸ್ಕೂಲುಗಳಲ್ಲಿ ಅಗ್ರಸ್ಥಾನವು ಯಾವ ಭಾಷೆಗೆ ಸಲ್ಲಬೇಕೆಂಬ ಪ್ರಶ್ನೆಗೆ ಮುಪ್ಪಿನಲ್ಲಿ ಉತ್ತರ ಹೇಳಬೇಕಾಯಿತು. ಆತನೇ ವಿನಾಯಕ ಕೃಷ್ಣ ಗೋಕಾಕರು.

ಸವಣೂರು ಪಠಾಣ ನವಾಬರ ಪುಟ್ಟ ಸಂಸ್ಥಾನವಾಗಿತ್ತು. ಅದರ ವಿಸ್ತಾರ ಸುಮಾರು 73 ಚದರ ಮೈಲಿ. 1901ರ ಜನಗಣತಿಯಂತೆ ಪ್ರಜೆಗಳ ಸಂಖ್ಯೆ 18,446. ಸುತ್ತಲೂ ಬ್ರಿಟಿಷರ ಆಳ್ವಿಕೆಗೆ ಸೇರಿದ ಧಾರವಾಡ ಜಿಲ್ಲೆ. ಸಂಸ್ಥಾನವು 1948ರಲ್ಲಿ ಭಾರತದಲ್ಲಿ ವಿಲೀನವಾಯಿತು. ಕಡೆಯ ನವಾಬರಾದ ಅಬ್ದುಲ್ ಮಜೀದ್ ಖಾನರ ಹೆಸರು ಆ ಹೈಸ್ಕೂಲಿನ ಹೆಸರಿನಲ್ಲಿ ಉಳಿದುಬಂದಿದೆ.

ಆ ನಾಡಿನಲ್ಲಿ ಶಾಲೆಯ ಭಾಷೆಯೆಂಬುದು ಹಗುರವಾದ ವಿಷಯವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿ ಮರಾಠಿಯ ಅಕ್ಷರ ತಿದ್ದುತ್ತಿತ್ತು. ಡೆಪ್ಯುಟಿ ಚನ್ನಬಸಪ್ಪನವರೇ (1834–1881) ಮೊದಲಾದವರ ದುಡಿಮೆಯಿಂದ ಕನ್ನಡ ಶಾಲೆಗಳು ತಲೆಯೆತ್ತಿದುವು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಆದರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಗೆ ಇಂಗ್ಲಿಷೇ ದೊರೆ.

ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಜನಿಸಿದರು. ಹುಟ್ಟಿದೂರಿನಲ್ಲಿಯೇ ಹೈಸ್ಕೂಲಿದ್ದುದು ಸಣ್ಣ ಭಾಗ್ಯವಲ್ಲ. ಅದಿಲ್ಲದ ಊರಿನ ಹುಡುಗನು ಧಾರವಾಡದಂತಹ ಪಟ್ಟಣದಲ್ಲಿ ಊಟ ವಸತಿಗಳಿಗೆ ದಾರಿ ಹುಡುಕಬೇಕಾಗಿತ್ತು. ದಾರಿ ಕಾಣದಿದ್ದರೆ ಓದು ಅಲ್ಲಿಗೆ ಮುಗಿಯುತ್ತಿತ್ತು. ಗೋಕಾಕರು ಸವಣೂರಿನಲ್ಲಿ ಓದಿ, ಬಳಿಕ ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಿದರು.

ಧಾರವಾಡದಲ್ಲಿ ಅವರಿಗೆ ದೊರೆತವರು ದ. ರಾ. ಬೇಂದ್ರೆಯವರು. ಬೇಂದ್ರೆಯವರೂ ಹೈಸ್ಕೂಲಿನ ಆವರಣಕ್ಕೆ ಋಣಿಗಳೇ: ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕಲಿತು 1913ರಲ್ಲಿ ಮೆಟ್ರಿಕ್ಯುಲೇಷನ್ ತೇರ್ಗಡೆಯಾದರು, ಪುಣೆಯಲ್ಲಿ ಪದವಿ ಪಡೆದು ಬಂದು ಅದೇ ಶಾಲೆಯಲ್ಲಿ ಉಪಾಧ್ಯಾಯರಾದರು. ಇಂಗ್ಲಿಷಿನಲ್ಲಿ ಕವನ ಕಟ್ಟುತ್ತಿದ್ದ ಗೋಕಾಕರು ಬೇಂದ್ರೆಯವರ ಸಹವಾಸದಲ್ಲಿ ಕನ್ನಡಕ್ಕೆ ಒಲಿದು, ‘ವಿನಾಯಕ’ರಾದರು. ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ ಬಂದು ಇಂಗ್ಲಿಷ್ ಪ್ರಾಧ್ಯಾಪಕರಾಗಿಯೇ ಬಾಳಿದರೂ ಕನ್ನಡದ ಕೃಷಿಯನ್ನು ಬಿಡಲಿಲ್ಲ. 1958ರ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬೇಂದ್ರೆಯವರಿಗೆ 1973ರ ಜ್ಞಾನಪೀಠ ಪ್ರಶಸ್ತಿ ಬಂದಂತೆ, ಗೋಕಾಕರಿಗೆ 1990ರ ಪ್ರಶಸ್ತಿ ಸಂದಿತು.

ಇಂಥವರನ್ನು ಸರಕಾರವು 1980ರಲ್ಲಿ ಭಾಷಾ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಿತು. ಕನ್ನಡವನ್ನು ಓದದೆಯೇ ಹೈಸ್ಕೂಲು ಮುಗಿಸಲು ಅಂದು ಅವಕಾಶವಿತ್ತು. 1981ರ ವರದಿಯಲ್ಲಿ ಸಮಿತಿಯು ಹೈಸ್ಕೂಲಿನಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಬೇಕು, ಅದಕ್ಕೆ 150 ಅಂಕಗಳಿರಬೇಕು, ಉಳಿದೆರಡು ಭಾಷೆಗಳಿಗೆ ನೂರು ನೂರು ಅಂಕಗಳು ಸಾಕು ಎಂದು ಸೂಚಿಸಿತು. ಆ ವರದಿಯ ಜಾರಿಗಾಗಿ 1982ರಲ್ಲಿ ನಡೆದ ಚಳವಳಿಯಲ್ಲಿ ನಟ ರಾಜಕುಮಾರರು ಮುಂದೆ ನಿಂತರು. ನಾಡಿಗೆ ನಾಡೇ ಎದ್ದಿತು. ಅನ್ಯಭಾಷಿಕರ ಮಕ್ಕಳಿಗೆ ಹೊರೆಯಾಗುವುದೆಂಬ ಆಕ್ಷೇಪವೂ ಬಲವಾಗಿಯೇ ಕೇಳಿಬಂದಿತು.

ಆ ಆಕ್ಷೇಪವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಈ ಸಲಹೆಯಿತ್ತ ಸಮಿತಿಯ ಅಧ್ಯಕ್ಷರು ಇಂಗ್ಲಿಷಿನ ದ್ವೇಷಿಯಲ್ಲವೆಂಬುದನ್ನು ನಾವು ಮರೆಯಬಾರದು. ಇಂಗ್ಲಿಷನ್ನು ಬಲ್ಲವರೇ, ಅದರಿಂದ ಅನ್ನ ಉಂಡವರೇ, ಮಗುವಿನ ಶಾಲೆಯಲ್ಲಿ ನೆಲದ ನುಡಿಗೆ ಮೊದಲ ಮಣೆ ಹಾಕಿರೆಂದರು. ಹದಿನೆಂಟು ಸಾವಿರ ಪ್ರಜೆಗಳ ಸಂಸ್ಥಾನವೊಂದು ತನ್ನ ಮಕ್ಕಳಿಗಾಗಿ ನಡೆಸಿದ ಹೈಸ್ಕೂಲು ಇಂಥವರನ್ನು ಇಡೀ ಕನ್ನಡ ನಾಡಿಗೆ ಕೊಟ್ಟಿತು. ನಮ್ಮ ಊರೂರಿನ ಹೈಸ್ಕೂಲುಗಳನ್ನು ಈ ದೃಷ್ಟಿಯಿಂದ ನೋಡಿ ಪೋಷಿಸುವುದು ನಮ್ಮೆಲ್ಲರ ಹೊಣೆ.