ಮಹಾಕ್ಷೋಭ ಮತ್ತು ಶೂನ್ಯ

"ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಯಾವುದು, ಎಲ್ಲಕ್ಕಿಂತ ಚಿಕ್ಕದು ಯಾವುದು?" ಎಂಟನೆಯ ತರಗತಿಯ ಮಕ್ಕಳು ಪ್ರತಿವರ್ಷವೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದು. ದೊಡ್ಡದೆಂದು ಹೇಳಿದ ಯಾವ ಸಂಖ್ಯೆಗಾದರೂ ಒಂದನ್ನು ಕೂಡಿಸಬಹುದು. ಚಿಕ್ಕದೆಂದು ಹೇಳಿದ ಯಾವ ಭಿನ್ನರಾಶಿಯನ್ನಾದರೂ ಅರ್ಧ ಮಾಡಬಹುದು. ಋಣಸಂಖ್ಯೆಗಳನ್ನು ಸೇರಿಸಿಕೊಂಡರಂತೂ ತಳವೇ ಇಲ್ಲ. ಸಾಲಕ್ಕೆ ಕೊನೆಯೆಲ್ಲಿ? ಉತ್ತರ ಇಷ್ಟೇ. ಆದರೆ ಆ ಎರಡು ತುದಿಗಳನ್ನು ಹುಡುಕಿ ಹೊರಟವರ ಚರಿತ್ರೆ ಇಷ್ಟು ಚಿಕ್ಕದಲ್ಲ.

ಪ್ರಾಚೀನ ಗ್ರೀಕರಲ್ಲಿ ಸಂಖ್ಯೆಗಿದ್ದ ಅತಿ ದೊಡ್ಡ ಹೆಸರು ಹತ್ತು ಸಾವಿರದ್ದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸನು ಇಡೀ ವಿಶ್ವವನ್ನು ತುಂಬಲು ಎಷ್ಟು ಮರಳಿನ ಕಣಗಳು ಬೇಕೆಂದು ಲೆಕ್ಕ ಹಾಕಲು ಹೊರಟಾಗ, ಹೊಸದೊಂದು ಎಣಿಕೆಯ ಕ್ರಮವನ್ನೇ ಕಟ್ಟಬೇಕಾಯಿತು. ಒಂದರ ಮುಂದೆ 63 ಸೊನ್ನೆ ಇಟ್ಟರೆ ಸಾಕು ಎಂಬುದು ಅವನ ತೀರ್ಮಾನ.

ನಮ್ಮಲ್ಲಿ ಹೆಸರುಗಳಿಗೆ ಬರವಿರಲಿಲ್ಲ. ಮಾನ್ಯಖೇಟದಿಂದ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಅದರಲ್ಲಿ ಏಕ, ದಶ, ಶತದಿಂದ ಮೊದಲುಗೊಂಡು 24 ಸ್ಥಾನಗಳ ಹೆಸರುಗಳಿವೆ. ಕಡೆಯ ನಾಲ್ಕು: ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ. ಮಹಾಕ್ಷೋಭವೆಂದರೆ ಒಂದರ ಮುಂದೆ 23 ಸೊನ್ನೆ. (ಹೆಸರೇ ಎದೆ ನಡುಗಿಸುವಂತಿದೆ!) ಮೂರು ಶತಮಾನ ಕಳೆದು ಬಂದ ಭಾಸ್ಕರಾಚಾರ್ಯನ 'ಲೀಲಾವತಿ'ಯ ಪಟ್ಟಿ 18ನೆಯ ಸ್ಥಾನವಾದ ಪರಾರ್ಧಕ್ಕೇ ನಿಲ್ಲುತ್ತದೆ. ಮಹಾವೀರನು ಜೈನನು. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ರಾಶಿಗಳನ್ನು ವಿಂಗಡಿಸಿದ ಪರಂಪರೆಯವನಿಗೆ ಇಂತಹ ಎಣಿಕೆ ಸಹಜವೇ ಆಗಿತ್ತು.

ತೊಡಕು ಬಂದದ್ದು ಇನ್ನೊಂದು ತುದಿಯಲ್ಲಿ. ಸೊನ್ನೆಯಿಂದ ಗುಣಿಸಿದರೆ ಸೊನ್ನೆ ಎಂದು ಸರಿಯಾಗಿ ಹೇಳಿದ ಅದೇ ಮಹಾವೀರನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದುಬಿಟ್ಟನು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ರಾಶಿ ಇದ್ದಂತೆಯೇ ಉಳಿಯುತ್ತದೆಂದು ಭಾವಿಸಿದನೇನೋ. ಅವನನ್ನು ಹಳಿಯಲು ನನಗೆ ಮನಸ್ಸಿಲ್ಲ. 628ರಲ್ಲಿ ಶೂನ್ಯಕ್ಕೆ ನಿಯಮಗಳನ್ನು ಬರೆದ ಬ್ರಹ್ಮಗುಪ್ತನೂ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದನು.

ಭಾಸ್ಕರಾಚಾರ್ಯನು 12ನೆಯ ಶತಮಾನದಲ್ಲಿ ಈ ರಾಶಿಗೆ 'ಖಹರ'ವೆಂದು ಹೆಸರಿಟ್ಟು, ಅದು ಅನಂತವೆಂದನು. ಏನನ್ನು ಕೂಡಿದರೂ ಕಳೆದರೂ ಅದು ವಿಕಾರ ಹೊಂದದು. ಪ್ರಳಯದಲ್ಲಿ ಜೀವರಾಶಿ ತನ್ನೊಳಗೆ ಸೇರಿದರೂ ಸೃಷ್ಟಿಯಲ್ಲಿ ಹೊರಬಂದರೂ ಅಚ್ಯುತನು ಬದಲಾಗದಿರುವಂತೆ, ಎಂಬುದು ಅವನ ಹೋಲಿಕೆ. ಚಿಕ್ಕದರ ಪ್ರಶ್ನೆಯೂ ದೊಡ್ಡದರ ಪ್ರಶ್ನೆಯೂ ಒಂದೇ ಎಂಬುದು ಇಲ್ಲಿ ಮೊದಲು ಎದ್ದು ಕಾಣುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಕಪ್ಪುಹಲಗೆಯ ಆ ಸಾಲುಗಳು ನೆನಪಿರಬಹುದು: ಒಂದನ್ನು ಹತ್ತನೆಯ ಒಂದಂಶದಿಂದ ಭಾಗಿಸಿದರೆ 10, ನೂರನೆಯ ಒಂದಂಶದಿಂದ ಭಾಗಿಸಿದರೆ 100. ಭಾಜಕ ಕುಗ್ಗಿದಷ್ಟೂ ಭಾಗಲಬ್ಧ ಹಿಗ್ಗುತ್ತದೆ.

ಅನಂತವೂ ಒಂದೇ ಗಾತ್ರದ್ದಲ್ಲವೆಂದು ತೋರಿಸಿದವನು ಜರ್ಮನಿಯ ಕ್ಯಾಂಟರ್. 1, 2, 3 ಎಂದು ಎಣಿಸುತ್ತ ಹೋದರೆ ಸರಳರೇಖೆಯ ಬಿಂದುಗಳೆಲ್ಲ ಆ ಎಣಿಕೆಗೆ ಸಿಕ್ಕವೆಂದು 1874ರಲ್ಲಿ ಅವನು ಸಾಧಿಸಿದನು.

ಹಾಗಾದರೆ ಸೊನ್ನೆಯಿಂದ ಭಾಗಿಸಿದರೆ ಅನಂತವೆಂದು ಪಠ್ಯಪುಸ್ತಕ ಏಕೆ ಹೇಳುವುದಿಲ್ಲ? ಮೇಲಿನ ಭಾಜಕಗಳಿಗೆ ಋಣಚಿಹ್ನೆ ಹಾಕಿ ನೋಡಿರಿ: -10, -100, -1000. ಸೊನ್ನೆಯ ಬಲಗಡೆಯಿಂದ ಬಂದವನು ಮೇಲಕ್ಕೇರುತ್ತಾನೆ, ಎಡಗಡೆಯಿಂದ ಬಂದವನು ಪಾತಾಳಕ್ಕಿಳಿಯುತ್ತಾನೆ. ಇಬ್ಬರಿಗೂ ಒಪ್ಪುವ ಒಂದು ಬೆಲೆ ಇಲ್ಲವಾದ್ದರಿಂದಲೇ ಅಲ್ಲಿ 'ಅನಿರ್ದಿಷ್ಟ' ಎಂದು ಬರೆದು ಮುಂದೆ ಸಾಗುತ್ತಿದ್ದೆವು.