ಕರುಣೆ ಕೆಡಿಸಿದ ಲೆಕ್ಕ

ನಾನು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದುದು 1960ರ ದಶಕದ ಕೊನೆಯ ವರ್ಷಗಳಲ್ಲಿ. ಆಗ ಮಧ್ಯಾಹ್ನದ ಹೊತ್ತಿಗೆ ಶಾಲೆಯ ಜಗಲಿಯ ಮೇಲೆ ದೊಡ್ಡ ಪಾತ್ರೆಯೊಂದರಲ್ಲಿ ಹಾಲಿನ ಪುಡಿಯನ್ನು ಬಿಸಿನೀರಿಗೆ ಕದಡಿ ಮಕ್ಕಳಿಗೆ ಹಂಚುತ್ತಿದ್ದರು. ಸೌಟು ಹಿಡಿದು ನಿಲ್ಲುತ್ತಿದ್ದವರು ಹೆಡ್‌ಮೇಷ್ಟರೇ. ಎಲ್ಲರಿಗೂ ಒಂದೇ ಅಳತೆ ಎಂಬುದು ನಿಯಮ. ಆದರೆ ಸಾಲಿನಲ್ಲಿ ಬಡಕಲು ಹುಡುಗನೊಬ್ಬ ಬಂದರೆ ಅವನ ಲೋಟಕ್ಕೆ ಇನ್ನರ್ಧ ಸೌಟು ಬೀಳುತ್ತಿತ್ತು. ಅನುಕೂಲಸ್ಥರ ಮನೆಯ ಹುಡುಗನಾದರೆ ಸೌಟು ಅರ್ಧಕ್ಕೇ ನಿಲ್ಲುತ್ತಿತ್ತು. ಅವರನ್ನು ಪಕ್ಷಪಾತಿ ಎಂದು ಯಾರೂ ಅನ್ನಲಿಲ್ಲ. ಇಂದಿಗೂ ನಾನು ಅನ್ನಲಾರೆ. ಆದರೆ ಇಂಥದೇ ಒಂದು ಸೌಟು, ಇಂಥದೇ ಮೇಷ್ಟರುಗಳ ಮರುಕ, 1930ರಲ್ಲಿ ಇಪ್ಪತ್ತು ಸಾವಿರ ಮಕ್ಕಳ ಮೇಲೆ ನಡೆದ ಒಂದು ಮಹಾಪ್ರಯೋಗವನ್ನು ಹೇಗೆ ಹಾಳುಮಾಡಿತು ಎಂಬ ಕಥೆಯನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಕನ್ನಡ ಎಂ.ಎ. ಮಾಡಿದವನಿಗೆ ಈ ಅಂಕಿಸಂಖ್ಯೆಗಳ ಉಸಾಬರಿ ಏಕೆ ಎಂದು ಕೇಳುಗರು ಕೇಳಬಹುದು. ಅದಕ್ಕೂ ಒಂದು ಕಾರಣವಿದೆ. ಅದು ನನಗೆ ಅಷ್ಟು ಹೆಮ್ಮೆಯದಲ್ಲ.

ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋ ನಗರಕ್ಕೆ ಹೊಂದಿಕೊಂಡಂತೆ ಲ್ಯಾನರ್ಕ್‌ಶೈರ್ ಎಂಬ ಸೀಮೆಯಿದೆ. ಕಲ್ಲಿದ್ದಲ ಗಣಿಗಳು, ಕಬ್ಬಿಣದ ಕಾರ್ಖಾನೆಗಳು, ಕೂಲಿಕಾರರ ಒತ್ತೊತ್ತಾದ ಮನೆಗಳು. 1930ರ ಹೊತ್ತಿಗೆ ಕೆಲಸವಿಲ್ಲದೆ ಕುಳಿತವರ ಸಂಖ್ಯೆ ಬೆಳೆಯುತ್ತಿತ್ತು. ಶಾಲೆಯ ಮಕ್ಕಳಿಗೆ ದಿನವೂ ಹಾಲು ಕೊಟ್ಟರೆ ಅವರ ಎತ್ತರ ತೂಕಗಳು ಹೆಚ್ಚುವವೇ? ಹೆಚ್ಚುವುದಾದರೆ ಹಸಿ ಹಾಲು ಮೇಲೋ, ಪಾಶ್ಚರೀಕರಿಸಿದ ಹಾಲು ಮೇಲೋ? ಈ ಪ್ರಶ್ನೆಗಳಿಗೆ ಉತ್ತರ ಕಾಣಲು ಅಲ್ಲಿನ 67 ಶಾಲೆಗಳನ್ನು ಆರಿಸಿಕೊಂಡರು. ಹತ್ತು ಸಾವಿರ ಮಕ್ಕಳಿಗೆ ದಿನಕ್ಕೆ ಮುಕ್ಕಾಲು ಪಿಂಟ್, ಎಂದರೆ ನಮ್ಮ ಲೆಕ್ಕದಲ್ಲಿ ನಾನೂರು ಮಿಲಿಲೀಟರಿಗೂ ತುಸು ಹೆಚ್ಚು, ಹಾಲು. ಅವರಲ್ಲಿ ಅರ್ಧ ಮಂದಿಗೆ ಹಸಿ ಹಾಲು, ಅರ್ಧ ಮಂದಿಗೆ ಪಾಶ್ಚರೀಕರಿಸಿದ್ದು. ಇನ್ನು ಹತ್ತು ಸಾವಿರ ಮಕ್ಕಳಿಗೆ ಹಾಲಿಲ್ಲ. ಅವರು ಹೋಲಿಕೆಗೆಂದು ಇಟ್ಟುಕೊಂಡವರು. ಫೆಬ್ರವರಿಯಲ್ಲಿ ಎಲ್ಲರನ್ನೂ ತೂಗಿ ಅಳೆದರು, ನಾಲ್ಕು ತಿಂಗಳ ತರುವಾಯ ಜೂನಿನಲ್ಲಿ ಮತ್ತೆ ತೂಗಿ ಅಳೆದರು. ಖರ್ಚಾದದ್ದು ಸುಮಾರು 7,500 ಪೌಂಡು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಹಾಲು ಯಾರಿಗೆ, ಯಾರಿಗೆ ಇಲ್ಲ ಎಂಬುದನ್ನು ಗೊತ್ತುಮಾಡುವ ಕೆಲಸ ಶಾಲೆಗಳಿಗೇ ಬಿಟ್ಟದ್ದು. ಕೆಲವೆಡೆ ಚೀಟಿ ಎತ್ತಿದರು, ಕೆಲವೆಡೆ ಹೆಸರಿನ ಅಕ್ಷರಾನುಕ್ರಮವನ್ನು ಹಿಡಿದರು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಆದರೆ ಯೋಜನೆ ಮಾಡಿದವರು ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದ್ದರು. ಹೀಗೆ ಆರಿಸಿದಾಗ ಯಾವುದಾದರೂ ಗುಂಪಿನಲ್ಲಿ ತುಂಬ ಪುಷ್ಟರಾದ ಮಕ್ಕಳೋ ತುಂಬ ಸೊರಗಿದ ಮಕ್ಕಳೋ ವಿಪರೀತವಾಗಿ ಸೇರಿಬಿಟ್ಟರೆ, ಕೆಲವರನ್ನು ಅದಲುಬದಲು ಮಾಡಿ ಸರಿದೂಗಿಸಬಹುದು ಎಂಬುದೇ ಆ ಬಾಗಿಲು. ಉದ್ದೇಶ ಒಳ್ಳೆಯದೇ. ಆ ಬಾಗಿಲಿನಿಂದ ಒಳಗೆ ಬಂದದ್ದು ಮಾತ್ರ ಬೇರೆ. ತಮ್ಮ ಕಣ್ಣೆದುರಿಗೇ ಹಸಿದು ಕೂತಿರುವ ಮಗುವನ್ನು 'ನೀನು ಹೋಲಿಕೆಯವನು, ನಿನಗೆ ಹಾಲಿಲ್ಲ' ಎಂದು ಯಾವ ಉಪಾಧ್ಯಾಯಿನಿ ತಾನೆ ಹೇಳಿಯಾಳು? ಬಡ ಮಕ್ಕಳು ಒಬ್ಬೊಬ್ಬರಾಗಿ ಹಾಲಿನ ಕಡೆಗೆ ಸರಿದರು. ಉಂಡುಟ್ಟು ಬೆಳೆದವರು ಇನ್ನೊಂದು ಕಡೆಗೆ ಸರಿದರು. ಯಾರೂ ಮೋಸ ಮಾಡಲಿಲ್ಲ, ಯಾರೂ ಸುಳ್ಳು ಬರೆಯಲಿಲ್ಲ. ಆದರೂ ಪ್ರಯೋಗದ ಮೊದಲ ದಿನವೇ, ಯಾರೊಬ್ಬರೂ ಒಂದು ಗುಟುಕು ಕುಡಿಯುವ ಮುನ್ನವೇ, ಹಾಲಿಲ್ಲದ ಮಕ್ಕಳು ಹಾಲಿನ ಮಕ್ಕಳಿಗಿಂತ ತೂಕದಲ್ಲಿ ಸುಮಾರು ಮೂರು ತಿಂಗಳ ಬೆಳವಣಿಗೆಯಷ್ಟು, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು.

ಇದನ್ನು ಎತ್ತಿ ತೋರಿಸಿದವರಲ್ಲಿ ಒಬ್ಬಾತ ಡಬ್ಲಿನ್ ನಗರದ ಗಿನ್ನೆಸ್ ಎಂಬ ಬಿಯರ್ ಕಾರ್ಖಾನೆಯ ನೌಕರ. ಹೆಸರು ವಿಲಿಯಂ ಸೀಲಿ ಗಾಸೆಟ್. 1899ರಲ್ಲಿ ಕೆಲಸಕ್ಕೆ ಸೇರಿದವನು, ಬಾರ್ಲಿಯ ಗುಣವನ್ನು ಕೆಲವೇ ಮಾದರಿಗಳಿಂದ ತೀರ್ಮಾನಿಸುವುದು ಹೇಗೆ ಎಂಬ ಹೊಟ್ಟೆಪಾಡಿನ ಪ್ರಶ್ನೆಯನ್ನು ಹಿಡಿದು ಸಂಖ್ಯಾಶಾಸ್ತ್ರದಲ್ಲಿ ಹೊಸ ದಾರಿಯನ್ನೇ ಕಡಿದವನು. ನೌಕರರು ಸ್ವಂತ ಹೆಸರಿನಲ್ಲಿ ಲೇಖನ ಪ್ರಕಟಿಸುವುದು ಆ ಕಾರ್ಖಾನೆಗೆ ಒಪ್ಪಿಗೆಯಿರಲಿಲ್ಲ. ಆದುದರಿಂದ ಆತ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ. ನಮ್ಮಲ್ಲಿ ಕಾವ್ಯನಾಮಗಳಿಗೆ ಬರವಿಲ್ಲ. ಆದರೆ ಗಣಿತಕ್ಕೊಂದು ಕಾವ್ಯನಾಮ, ಅದೂ 'ವಿದ್ಯಾರ್ಥಿ' ಎಂಬ ವಿನಯದ ಹೆಸರು, ನಾನು ಕಂಡಂತೆ ಇದೊಂದೇ.

1931ರಲ್ಲಿ ಈ ವಿದ್ಯಾರ್ಥಿ ಬರೆದ ವಿಮರ್ಶೆಯನ್ನು ಓದಿದರೆ ಒಳ್ಳೆಯ ಗ್ರಂಥಸಂಪಾದಕನೊಬ್ಬ ಹಸ್ತಪ್ರತಿಯ ಪಾಠಗಳನ್ನು ಸೋಸುವುದನ್ನು ಕಂಡಂತಾಗುತ್ತದೆ. ಮೇಷ್ಟರುಗಳ ಮೇಲೆ ಆತನಿಗೆ ಕೋಪವಿಲ್ಲ. ಬಡ ಮಕ್ಕಳಿಗೆ ಹಾಲು ಹೆಚ್ಚು ಬೇಕೆಂಬ ಭಾವನೆ ತೀರ ಮನುಷ್ಯಸಹಜವೆಂದೇ ಎಣಿಸುತ್ತಾನೆ. ಆಮೇಲೆ ಬಟ್ಟೆಯ ವಿಚಾರಕ್ಕೆ ಬರುತ್ತಾನೆ. ಮಕ್ಕಳನ್ನು ತೂಗಿದ್ದು ಬಟ್ಟೆ ತೊಟ್ಟಿದ್ದಂತೆಯೇ. ಫೆಬ್ರವರಿ ಎಂದರೆ ಅಲ್ಲಿ ಕಡು ಚಳಿ. ಜೂನ್ ಎಂದರೆ ಬೇಸಗೆ. ಅನುಕೂಲಸ್ಥರ ಮಗು ಚಳಿಗಾಲದಲ್ಲಿ ದಪ್ಪ ಉಣ್ಣೆಯ ಉಡುಪನ್ನು ತೊಟ್ಟಿರುತ್ತದೆ, ಬೇಸಗೆಯಲ್ಲಿ ಅದನ್ನು ಕಳಚಿ ಹಗುರಾಗುತ್ತದೆ. ಬಡವರ ಮಗುವಿಗೆ ಕಳಚಲು ಏನಿದೆ? ಎರಡು ಋತುವಿಗೂ ಹೆಚ್ಚುಕಡಮೆ ಅದೇ ಅಂಗಿ. ಹೀಗಾಗಿ ಹಾಲಿಲ್ಲದವರ ಗುಂಪು ತಕ್ಕಡಿಯಲ್ಲಿ ಕಳೆದುಕೊಂಡದ್ದರಲ್ಲಿ ಒಂದು ಪಾಲು ಉಣ್ಣೆಯ ತೂಕ. ಹಾಲಿನ ಗುಂಪು ಗಳಿಸಿದಂತೆ ಕಂಡದ್ದರಲ್ಲಿ ಒಂದು ಪಾಲು ಬಡತನ. ಈ ಮಾತನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಂಕಿಗಳ ಪಟ್ಟಿಯ ಹಿಂದೆ ಒಂದು ಊರಿನ ಅಂಗಿಗಳು ಕಾಣುತ್ತವೆ ಎಂದು ನಾನು ಎಣಿಸಿರಲಿಲ್ಲ.

ಇನ್ನೊಂದು ದೋಷವೂ ಇತ್ತು. ಒಂದೇ ಶಾಲೆಯಲ್ಲಿ ಎರಡೂ ಬಗೆಯ ಹಾಲನ್ನು ಕೊಡಲಿಲ್ಲ. ಆದಕಾರಣ ಹಸಿ ಹಾಲಿಗೂ ಪಾಶ್ಚರೀಕರಿಸಿದ್ದಕ್ಕೂ ಇರುವ ಭೇದ ಯಾವುದು, ಊರಿಗೂ ಊರಿಗೂ ಇರುವ ಭೇದ ಯಾವುದು ಎಂದು ಬಿಡಿಸುವುದೇ ಕಷ್ಟವಾಯಿತು. ಗಾಸೆಟ್ ಸೂಚಿಸಿದ ಬದಲಿ ದಾರಿ ಸೊಗಸಾಗಿದೆ. ಇಪ್ಪತ್ತು ಸಾವಿರ ಮಕ್ಕಳೇಕೆ? ಒಂದೇ ರೂಪಿನ ಅವಳಿ ಮಕ್ಕಳ ಐವತ್ತು ಜೊತೆಗಳನ್ನು ಹುಡುಕಿ, ಪ್ರತಿ ಜೊತೆಯಲ್ಲೂ ಯಾರಿಗೆ ಯಾವ ಹಾಲು ಎಂಬುದನ್ನು ನಾಣ್ಯ ಚಿಮ್ಮಿ ಗೊತ್ತುಮಾಡಿ. ನೂರಕ್ಕೆ ಒಂದೆರಡು ಪಾಲು ಖರ್ಚಿನಲ್ಲಿ ಇದಕ್ಕಿಂತ ನಂಬಲರ್ಹವಾದ ಉತ್ತರ ಸಿಗುತ್ತದೆ.

ನನ್ನ ಕಥೆಗೆ ಬರುತ್ತೇನೆ. 1993ರಲ್ಲಿ ನಾನು ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಕುಮಾರವ್ಯಾಸನನ್ನು ಟಿಪ್ಪಣಿ ಬರೆಸಿ ಕಲಿಸುವುದಕ್ಕಿಂತ ಗಮಕದಲ್ಲಿ ವಾಚಿಸಿ ಕಲಿಸಿದರೆ ವಿದ್ಯಾರ್ಥಿಗಳಿಗೆ ಬೇಗ ಹತ್ತುತ್ತದೆ ಎಂಬುದು ನನ್ನ ನಂಬಿಕೆ. ಸಂಜೆ ಗಮಕದ ತರಗತಿ ತೆಗೆದೆ. ಮೂವತ್ತು ಮಂದಿ ಬಂದರು. ಪರೀಕ್ಷೆಯಲ್ಲಿ ಅವರ ಅಂಕಗಳು ಉಳಿದವರಿಗಿಂತ ಎದ್ದು ಕಂಡವು. ಹಿಗ್ಗಿನಿಂದ ಒಂದು ಪ್ರಬಂಧ ಬರೆದೆ. ಅದನ್ನು ತೋರಿಸಿ, ಹಿಂದುಳಿದ ಹುಡುಗರಿಗೆಂದು ಆ ವೇಳೆಯಲ್ಲಿ ನಡೆಯುತ್ತಿದ್ದ ವ್ಯಾಕರಣದ ಪಾಠವನ್ನು ನಿಲ್ಲಿಸಿ ಗಮಕಕ್ಕೇ ಆ ವೇಳೆಯನ್ನು ಕೊಡಿಸಿಕೊಂಡೆ. ಮರುವರ್ಷ ಆ ಹುಡುಗರಲ್ಲಿ ಹಲವರು ಕನ್ನಡದಲ್ಲೇ ನಪಾಸಾದರು.

ಸಂಖ್ಯಾಶಾಸ್ತ್ರದ ಸಹೋದ್ಯೋಗಿನಿಯೊಬ್ಬರು ಒಂದು ದಿನ ಕೇಳಿದರು: 'ಸಾರ್, ಮೊದಲ ವರ್ಷ ನಿಮ್ಮ ಗಮಕದ ತರಗತಿಗೆ ಹುಡುಗರನ್ನು ಆರಿಸಿದವರು ಯಾರು?'

'ಯಾರೂ ಆರಿಸಲಿಲ್ಲ ಮೇಡಂ, ಆಸಕ್ತಿ ಇದ್ದವರು ತಾವಾಗಿಯೇ ಬಂದರು.'

'ಹಾಗಾದರೆ ನೀವು ಹಾಡದಿದ್ದರೂ ಅವರು ಪಾಸಾಗುತ್ತಿದ್ದರಲ್ಲವೆ?'

ನನ್ನಲ್ಲಿ ಉತ್ತರವಿರಲಿಲ್ಲ. ಗಮಕ ಒಳ್ಳೆಯದಲ್ಲ ಎಂದು ಆಕೆ ಹೇಳಲಿಲ್ಲ. ಅದು ಒಳ್ಳೆಯದೋ ಅಲ್ಲವೋ ಎಂಬುದನ್ನು ನನ್ನ ಪ್ರಬಂಧ ಹೇಳುತ್ತಿರಲಿಲ್ಲ, ಅಷ್ಟೆ. ಮರುದಿನ ಅವರು ತಂದುಕೊಟ್ಟ ನೆರಳಚ್ಚು ಪ್ರತಿಯೇ 'ಸ್ಟೂಡೆಂಟ್' ಬರೆದ ಹಾಲಿನ ಲೇಖನ.

ಚೀಟಿ ಎತ್ತುವುದು ನಮಗೆ ಹೊಸದಲ್ಲ. ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಪಂಚರು ಗದ್ದೆ ತೋಟಗಳನ್ನು ಪಾಲುಮಾಡಿ, ಚೀಟಿ ಬರೆದು ಮಡಿಸಿ, ಮನೆಯ ಪುಟ್ಟ ಮಗುವಿನ ಕೈಯಿಂದ ಎತ್ತಿಸುತ್ತಾರೆ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಹತ್ತನೆಯ ಶತಮಾನದ ಚೋಳ ಶಾಸನಗಳಿವೆ. ಗ್ರಾಮಸಭೆಗೆ ಸದಸ್ಯರನ್ನು ಆರಿಸಲು ಕೊಡದಲ್ಲಿ ಓಲೆಗಳನ್ನು ಹಾಕಿ, ಒಳಗೇನಿದೆ ಎಂದು ತಿಳಿಯದ ಬಾಲಕನಿಂದ ತೆಗೆಸಬೇಕೆಂದು ಅಲ್ಲಿ ಹೇಳಿದೆ. ತಿಳಿಯದ ಕೈಯೇ ಬೇಕು, ತಿಳಿದ ಕೈ ಬೇಡ. ಆಸ್ತಿಯ ವಿಷಯದಲ್ಲಿ, ಆಡಳಿತದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿದ ಮನುಷ್ಯ ವಿದ್ಯೆಯ ವಿಷಯದಲ್ಲಿ ಮಾತ್ರ ಬಹುಕಾಲ ತಿಳಿದ ಕೈಯನ್ನೇ ನಂಬಿದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ ರೋಗದಿಂದ ನರಳುತ್ತಿದ್ದ ಹನ್ನೆರಡು ನಾವಿಕರನ್ನು ಆರು ಜೊತೆ ಮಾಡಿ, ಒಂದು ಜೊತೆಗೆ ಕಿತ್ತಳೆ ನಿಂಬೆಗಳನ್ನು ಕೊಟ್ಟು ಗುಣಪಡಿಸಿದ್ದು ಪ್ರಸಿದ್ಧ ಕಥೆ. ಅಲ್ಲಿಯೂ ಯಾರಿಗೆ ಏನು ಎಂಬುದನ್ನು ಗೊತ್ತುಮಾಡಿದವನು ಲಿಂಡನೇ; ತೀರ ಕೆಟ್ಟ ಸ್ಥಿತಿಯಲ್ಲಿದ್ದ ಇಬ್ಬರಿಗೆ ಸಮುದ್ರದ ನೀರು ಕುಡಿಸಿದನಂತೆ.

ಚೀಟಿಯನ್ನು ಶಾಸ್ತ್ರದ ಪಟ್ಟಕ್ಕೆ ಏರಿಸಿದವನು ರೊನಾಲ್ಡ್ ಫಿಷರ್. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ಈತ, ಯಾವ ಪಟ್ಟಿಗೆ ಯಾವ ಗೊಬ್ಬರ ಎಂಬುದನ್ನು ಬೇಸಾಯಗಾರನ ಕಣ್ಣಿಗೆ ಬಿಡದೆ ಆಕಸ್ಮಿಕಕ್ಕೇ ಬಿಡಬೇಕೆಂದು ವಾದಿಸಿದ. ತಮಾಷೆಯೆಂದರೆ ಹೊಲದ ವಿಷಯದಲ್ಲಿ ಗಾಸೆಟ್ ಇದನ್ನು ಒಪ್ಪಲಿಲ್ಲ. ನೆಲದ ಗುಣ ನೋಡಿ ಸಮತೂಕವಾಗಿ ಜೋಡಿಸುವುದೇ ಮೇಲೆಂದು 1937ರಲ್ಲಿ ತೀರಿಕೊಳ್ಳುವವರೆಗೂ ಹಟ ಹಿಡಿದ.

ಹೊಲದಿಂದ ಆಸ್ಪತ್ರೆಗೆ ಚೀಟಿಯನ್ನು ತಂದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಸ್ವತಃ ಕ್ಷಯರೋಗಿಯಾಗಿದ್ದವನು. ಮೊದಲ ಮಹಾಯುದ್ಧದಲ್ಲಿ ರೋಗ ತಗಲಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ವೈದ್ಯನಾಗುವ ಆಸೆಯನ್ನು ಬಿಟ್ಟು, ಅಂಕಿಗಳ ಕಡೆಗೆ ತಿರುಗಿದವನು. ಎರಡನೆಯ ಯುದ್ಧ ಮುಗಿದಾಗ ಬ್ರಿಟನ್ನಿಗೆ ಅಮೆರಿಕದಿಂದ ಸಿಕ್ಕ ಸ್ಟ್ರೆಪ್ಟೊಮೈಸಿನ್ ಬಹಳ ಸ್ವಲ್ಪ. ಎಲ್ಲರಿಗೂ ಕೊಡಲಾಗದು, ಹಾಗಾದರೆ ಯಾರಿಗೆ? ವೈದ್ಯನ ಮರುಕಕ್ಕೂ ಸಿಗದ, ರೋಗಿಯ ಪ್ರಭಾವಕ್ಕೂ ಸಿಗದ ಮುಚ್ಚಿದ ಲಕೋಟೆಗಳು ಅದನ್ನು ಗೊತ್ತುಮಾಡಿದವು. 1948ರಲ್ಲಿ ಫಲಿತಾಂಶ ಪ್ರಕಟವಾಯಿತು. ಔಷಧಿ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು 4. ಬರಿಯ ವಿಶ್ರಾಂತಿಯ 52 ಮಂದಿಯಲ್ಲಿ 14. ಆ ಐವತ್ತೆರಡು ಮಂದಿಗೆ ತಾವು ಒಂದು ಪ್ರಯೋಗದೊಳಗೆ ಇದ್ದೇವೆ ಎಂಬುದನ್ನೇ ತಿಳಿಸಿರಲಿಲ್ಲ. ಇಂದು ಹಾಗೆ ಮಾಡುವಂತಿಲ್ಲ, ಮಾಡಬಾರದು ಕೂಡ. ಚೀಟಿಗೆ ಒಪ್ಪಿಗೆ ಕೊಟ್ಟವರ ನಡುವೆ ಮಾತ್ರ ಚೀಟಿ ನ್ಯಾಯ. ಹಿಸ್ಸೆಯಲ್ಲಾದರೂ ಅಣ್ಣತಮ್ಮಂದಿರು ಒಪ್ಪಿದ ಮೇಲೆಯೇ ಅಲ್ಲವೆ ಮಗುವನ್ನು ಕರೆಯುವುದು?

ಈ ರೋಗದ ನೆರಳು ನಮ್ಮ ಮನೆಯ ಮೇಲೂ ಬಿದ್ದಿತ್ತು. ನಾನು ಹುಟ್ಟುವ ಮೊದಲೇ ದೊಡ್ಡಪ್ಪನವರು ಒಂದೂವರೆ ವರ್ಷ ಸ್ಯಾನಟೋರಿಯಂನಲ್ಲಿದ್ದು ಬಂದವರು. ಅಲ್ಲಿ ಹಾಸಿಗೆ ಸಿಗುವುದಕ್ಕಾಗಿ ಅಜ್ಜ ಗದ್ದೆಯೊಂದನ್ನು ಮಾರಿದರೆಂದು ಮನೆಯಲ್ಲಿ ಹೇಳುತ್ತಿದ್ದರು. ಆ ಕಾಲದಲ್ಲಿ ಹಾಸಿಗೆಗಳು ಕೆಲವೇ, ರೋಗಿಗಳು ಲೆಕ್ಕವಿಲ್ಲದಷ್ಟು. ಮನೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟರೆ ಸಾಲದೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆಯ ಮಕ್ಕಳ ಗತಿಯೇನು ಎಂಬ ಭಯ. ಆ ಪ್ರಶ್ನೆಯನ್ನು ಕೇಳಿದ್ದು ಮದರಾಸಿನಲ್ಲಿ, 1956ರಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರ. ಅದೇ ಈಗ ಚೆನ್ನೈಯ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ. ನಗರದ ಬಡ ಕುಟುಂಬಗಳ 193 ರೋಗಿಗಳನ್ನು ಆಕಸ್ಮಿಕ ಕ್ರಮದಿಂದ ಎರಡು ಪಾಲು ಮಾಡಿದರು. ಒಂದು ಪಾಲಿನವರು ಸ್ಯಾನಟೋರಿಯಂಗೆ ಹೋದರು. ಇನ್ನೊಂದು ಪಾಲಿನವರು ತಮ್ಮ ಇಕ್ಕಟ್ಟಾದ ಮನೆಗಳಲ್ಲೇ ಉಳಿದರು. ಔಷಧಿ ಇಬ್ಬರಿಗೂ ಒಂದೇ, ಒಂದು ವರ್ಷ. ಸ್ಯಾನಟೋರಿಯಂನವರಿಗೆ ಮೇಲಾದ ಊಟ, ಗಾಳಿ, ವಿಶ್ರಾಂತಿ, ಶುಶ್ರೂಷೆ. ಆದರೂ 1959ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ಪಾಲಿನವರೂ ಬಹುಮಟ್ಟಿಗೆ ಒಂದೇ ಸಮನಾಗಿ ಗುಣವಾಗಿದ್ದರು.

ಇಲ್ಲಿ ವೈದ್ಯರ ಕರುಣೆಗೆ ಬಿಟ್ಟಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು. ಹೆಚ್ಚು ಸೊರಗಿದವರನ್ನೂ ಮನೆತುಂಬ ಮಕ್ಕಳಿರುವವರನ್ನೂ ಸ್ಯಾನಟೋರಿಯಂಗೆ ಕಳಿಸಿರುತ್ತಿದ್ದರು. ಹೋಲಿಕೆ ಅಲ್ಲಿಗೆ ಮುಗಿಯುತ್ತಿತ್ತು. 1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. 1962ರಿಂದ ದೇಶದಲ್ಲಿ ಜಾರಿಗೆ ಬಂದ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಯ ಚಿಕಿತ್ಸೆಯೇ ಮುಖ್ಯವಾಯಿತು. ಮದರಾಸಿನವರು ಮಾತ್ರ ಅಲ್ಲಿಗೇ ನಿಲ್ಲಿಸಲಿಲ್ಲ. ರೋಗಿಗಳ ಜೊತೆ ಒಂದೇ ಸೂರಿನಡಿ ಬಾಳಿದ ಹೆಂಡತಿ ಮಕ್ಕಳನ್ನು, ತಾಯಿ ತಂಗಿಯರನ್ನು ಐದು ವರ್ಷ ಪರೀಕ್ಷಿಸುತ್ತ ಬಂದರು. ರೋಗಿ ಮನೆಯಲ್ಲೇ ಚಿಕಿತ್ಸೆ ಪಡೆದದ್ದರಿಂದ ಅವರಿಗೆ ಹೆಚ್ಚಿನ ಅಪಾಯವೇನೂ ಕಂಡುಬರಲಿಲ್ಲ.

ನಮ್ಮ ಮನೆಗೆ ಆ ಸುದ್ದಿ ಬರಲಿಲ್ಲ. ದೊಡ್ಡಪ್ಪನವರು ಗುಣವಾಗಿ ಬಂದು ಹತ್ತಾರು ವರ್ಷ ಕಳೆದಿದ್ದರೂ ಅವರ ಕಂಚಿನ ಲೋಟ ಬೇರೆಯ ಗೂಡಿನಲ್ಲಿರುತ್ತಿತ್ತು. ಅದನ್ನು ಅವರೇ ತೊಳೆದುಕೊಳ್ಳುತ್ತಿದ್ದರು. ನಾವು ಮಕ್ಕಳು ಹತ್ತಿರ ಹೋದರೆ ಅಜ್ಜಿ ಒಳಗಿನಿಂದ ಹೆಸರು ಹಿಡಿದು ಕೂಗುತ್ತಿದ್ದರು.