ಬೆಟ್ಟ ಹಳೆಯದೋ, ನೆಲಹಾಸು ಹಳೆಯದೋ?

ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದರೆ ಮಲಗಿದ ಬುದ್ಧ ಕಾಣುತ್ತಾನೆ. ಆ ಬೆಟ್ಟ ಗ್ರಾನೈಟ್ ಶಿಲೆಯದು. ಯಾದಗಿರಿಯ ಕೋಟೆ ನಿಂತಿರುವುದೂ ಅಂಥದೇ ಬೆಟ್ಟದ ಮೇಲೆ. ಈಗ ನಿಮ್ಮ ಮನೆಯ ನೆಲ ನೋಡಿ. ಈ ಭಾಗದ ಹಳೆಯ ಮನೆಯಾದರೆ ಅಲ್ಲಿ ಶಹಾಬಾದ್ ಕಲ್ಲು, ಅಂದರೆ ಸುಣ್ಣಕಲ್ಲಿನ ಚಪ್ಪಡಿ ಹಾಸಿರುತ್ತದೆ. ಇವೆರಡರಲ್ಲಿ ಹಳೆಯದು ಯಾವುದು?

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ನೀವು ಕೇಳಿರಬಹುದು. ಅದನ್ನು ನಂಬಿ ಬೆಟ್ಟವೇ ಹೊಸದು ಎಂದರೆ ಉತ್ತರ ತಪ್ಪಾಗುತ್ತದೆ. ತಪ್ಪು ನಿಯಮದ್ದಲ್ಲ. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಇಟಲಿಯ ಟಸ್ಕನಿಯ ಶಿಲೆಗಳನ್ನು ನೋಡಿ 1669ರಲ್ಲಿ ಇದನ್ನು ಹೇಳಿದಾಗ ಅವರ ಮನಸ್ಸಿನಲ್ಲಿದ್ದುದು ಒಂದರ ಮೇಲೊಂದು ಕೂತ ಪದರಗಳು. ಕೆರೆಯ ಹೂಳನ್ನು ನೆನೆಯಿರಿ: ಹೋದ ವರ್ಷದ ಹೂಳಿನ ಮೇಲೆ ಈ ವರ್ಷದ ಹೂಳು. ಎತ್ತರದ ಗುಡ್ಡಕ್ಕೂ ತಗ್ಗಿನ ಬಯಲಿಗೂ ಹೋಲಿಸಲು ಈ ನಿಯಮ ಸಾಲದು. ಶಿಲೆಗಳು ಒಂದನ್ನೊಂದು ಮುಟ್ಟುವ ಜಾಗವನ್ನೇ ಹುಡುಕಬೇಕು.

ಭೀಮಾ ಕಣಿವೆಯಲ್ಲಿ ಅಂಥ ಜಾಗಗಳಿವೆ. ಅಲ್ಲಿ ಗ್ರಾನೈಟಿನ ಮೇಲೆ ಮೊದಲು ಉರುಟುಗಲ್ಲು, ಮರಳುಗಲ್ಲು, ಅದರ ಮೇಲೆ ಜೇಡಿಶಿಲೆ ಮತ್ತು ಸುಣ್ಣಕಲ್ಲು ಕೂತಿವೆ. ಅಡಿಯ ಮರಳುಗಲ್ಲಿನಲ್ಲಿ ಗ್ರಾನೈಟ್ ಸವೆದು ಬಂದ ಬೆಣಚುಕಲ್ಲಿನ ಚೂರುಗಳಿವೆ. ರೊಟ್ಟಿಯಲ್ಲಿ ಜೋಳ ಇದೆಯೆಂದರೆ ಜೋಳ ಮೊದಲೇ ಬೆಳೆದಿರಬೇಕಷ್ಟೆ! ಹಾಗಾಗಿ ಬೆಟ್ಟವೇ ಹಳೆಯದು. ಈ ಗ್ರಾನೈಟುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಸುಣ್ಣಕಲ್ಲು ಅದರ ಮೇಲೆ ಹರಡಿದ್ದ ಆಳವಿಲ್ಲದ ಕಡಲಿನ ತಳ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1876ರ ತಮ್ಮ ವರದಿಯಲ್ಲಿ ಈ ಸ್ತರಗಳನ್ನು ವಿವರಿಸಿದ್ದಾರೆ. ವಿಕಿರಣಶೀಲತೆಯಿಂದ ವಯಸ್ಸು ಅಳೆಯುವ ವಿದ್ಯೆ ಆಗ ಹುಟ್ಟಿರಲಿಲ್ಲ. ವರ್ಷ ಗೊತ್ತಿಲ್ಲದೆಯೂ ಕ್ರಮ ಹೇಳಬಹುದಿತ್ತು.

ಉತ್ತರಕ್ಕೆ, ಕಲಬುರಗಿಯ ಕಡೆ ಹೋದರೆ ಇದೇ ಸುಣ್ಣಕಲ್ಲಿನ ಮೇಲೆ ದಖನ್ನಿನ ಕಪ್ಪು ಬಸಾಲ್ಟ್ ಕೂತಿದೆ. ಆ ಲಾವಾ ಹರಿದು ಸುಮಾರು 6.6 ಕೋಟಿ ವರ್ಷಗಳಾದವು. ಕೆಳಗಿನ ಭೀಮಾ ಸ್ತರಗಳಾದರೋ 50 ಕೋಟಿ ವರ್ಷಗಳಿಗಿಂತ ಹಳೆಯವು. ಎರಡೂ ಸೇರುವ ಗೆರೆಯನ್ನು ನೀವು ಅಂಗೈಯಿಂದ ಮುಚ್ಚಬಹುದು. ಮೊದಲ ಮೀನು, ಮೊದಲ ಕಾಡು, ಡೈನೋಸಾರುಗಳ ಏಳಿಗೆ, ಎಲ್ಲವೂ ಆ ಗೆರೆಯೊಳಗೇ ಕಳೆದುಹೋಗಿವೆ. ಆಗ ಕೂತ ಪದರಗಳಿದ್ದರೂ ಸವೆದು ಹೋದವು, ಇಲ್ಲವೇ ಕೂರಲೇ ಇಲ್ಲ. ಗ್ರಾನೈಟಿಗೂ ಮರಳುಗಲ್ಲಿಗೂ ನಡುವೆ ಇರುವ ಲೋಪ ಇದಕ್ಕಿಂತ ದೊಡ್ಡದು. ಚಿಪ್ಪು, ಮೂಳೆಗಳನ್ನು ಭೀಮಾ ಸ್ತರಗಳಲ್ಲಿ ಹುಡುಕಬೇಡಿ. ಜೇಡಿಶಿಲೆಯಲ್ಲಿ ಸಿಕ್ಕಿರುವುದು ಚುವಾರಿಯಾ ಎಂಬ ಪುಟ್ಟ ಕಪ್ಪು ಬಿಲ್ಲೆಯಂಥ ಅಚ್ಚುಗಳು.

ಪದರಗಳು ಯಾವಾಗಲೂ ಕೂತಲ್ಲೇ ಇರುತ್ತವೆ ಎಂದೂ ಇಲ್ಲ. ಶಹಾಪುರ ತಾಲ್ಲೂಕಿನ ಗೋಗಿಯ ಬಳಿ ಸ್ತರಭಂಗವೊಂದು ಸುಣ್ಣಕಲ್ಲನ್ನೂ ಗ್ರಾನೈಟನ್ನೂ ಅಕ್ಕಪಕ್ಕಕ್ಕೆ ತಂದಿದೆ. ಬಿರುಕುಗಳಲ್ಲಿ ಸೇರಿದ ಯುರೇನಿಯಂ ಎರಡೂ ಶಿಲೆಗಳಲ್ಲಿದೆ. ಒಡೆದ ಕಲ್ಲಿನಲ್ಲಿ ಸೇರಿದ್ದು ಒಡೆದ ಮೇಲಿನದೇ ತಾನೆ?

ಇದೇ ಸುಣ್ಣಕಲ್ಲಿನ ಕಥೆ ಹುಣಸಗಿ ಸಮೀಪದ ಇಸಾಂಪುರದಲ್ಲಿ ಮನುಷ್ಯರವರೆಗೆ ಬರುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1997ರಿಂದ ಅಲ್ಲಿ ಉತ್ಖನನ ನಡೆಸಿದರು. ಸಿಲಿಕಾ ಸೇರಿ ಗಟ್ಟಿಯಾದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ ಆದಿಮಾನವರು ಕೈಗೊಡಲಿ ಕೆತ್ತಿದ ಜಾಗ ಅದು. ಅಲ್ಲಿ ದೊರೆತ ಪ್ರಾಣಿಯ ಹಲ್ಲಿನ ಎನಾಮಲ್ ಪರೀಕ್ಷೆಯಿಂದ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಕೊಡಲಿಯ ಕಲ್ಲಿನ ವಯಸ್ಸು ಬೇರೆ, ಕೊಡಲಿಯ ವಯಸ್ಸು ಬೇರೆ. ಎರಡನೆಯದನ್ನು ಹೇಳುವುದು ಅದು ಹುದುಗಿದ್ದ ಪದರ. ಹೊಲದಲ್ಲಿ ಸಿಕ್ಕಿತೆಂದು ಎತ್ತಿ ತಂದು ಕಪಾಟಿನಲ್ಲಿಟ್ಟ ಕೊಡಲಿಗೆ ಆ ಸಾಕ್ಷಿ ಇಲ್ಲ.

ಸುರಪುರದಲ್ಲಿ ಇದನ್ನು ಅರಿತವರೊಬ್ಬರು 1850ರ ಸುಮಾರಿಗೇ ಇದ್ದರು. ಬಾಲಕ ರಾಜ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಈ ಸೀಮೆಯ ಬೃಹತ್ ಶಿಲಾಗೋರಿಗಳನ್ನು ಅಗೆಸಿದರು. ಯಾವ ಮಣ್ಣಿನ ಕೆಳಗೆ ಯಾವ ಮಣ್ಣು, ಮಡಕೆ ಎಷ್ಟು ಆಳದಲ್ಲಿ, ಮೂಳೆ ಎಷ್ಟು ಆಳದಲ್ಲಿ ಎಂದು ಗೋರಿಯನ್ನು ಸೀಳಿದಂತೆ ಚಿತ್ರ ಬರೆದಿಟ್ಟರು. ಒಂದು ಶತಮಾನದ ನಂತರ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ ಆ ಚಿತ್ರಗಳನ್ನು ಮೆಚ್ಚಿ ಬರೆದರು.